ಟಿಪ್ಸ್ ಅಲ್ಲ, ಸಂಬಳ

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಿ ಬಂದ ನಮ್ಮ ಹಿರಿಯರು ಅಲ್ಲಿನ ಹೋಟೆಲ್ ಬಿಲ್ಲಿನ ಬಗ್ಗೆ ಗೊಣಗದೆ ಇರುವುದಿಲ್ಲ. ಟಾಕೋ ಮಾರುವ ಮೆಕ್ಸಿಕನ್ ಹೋಟೆಲಾಗಲಿ, ತಾನೇ ಬಿಯರ್ ತಯಾರಿಸಿ ಬಡಿಸುವ ಬ್ರೂಪಬ್ ಆಗಲಿ, ಊಟದ ಹಣ, ತೆರಿಗೆ ಕೊಟ್ಟ ಮೇಲೂ ನೂರಕ್ಕೆ 15-20ರಷ್ಟು ಟಿಪ್ಸ್ ಇಡಬೇಕು. ದುಂದು ಎನಿಸುವುದು ಸಹಜ. ಆದರೆ ಅನೇಕ ಕಡೆ ಅದೇ ಮಾಣಿಯ ಸಂಬಳ.

ಅಲ್ಲಿನ ಕೇಂದ್ರ ಕಾನೂನಿನಂತೆ ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕರು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಈ ದರ ಅಲುಗಾಡಿಲ್ಲ. ಟಿಪ್ಸ್ ಸೇರಿಯೂ 7.25 ಡಾಲರ್ ಆಗದಿದ್ದರೆ ಕೊರತೆಯನ್ನು ಮಾಲೀಕರು ತುಂಬಬೇಕು. ಅದೂ 2009ರ ದರ! ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಮಾತ್ರ ಪೂರ್ತಿ ಕನಿಷ್ಠ ವೇತನದ ಮೇಲೆ ಟಿಪ್ಸ್ ಸಿಗುತ್ತದೆ.

2025ರ ಜುಲೈಯಲ್ಲಿ ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನು, 2028ರವರೆಗೆ ವರ್ಷಕ್ಕೆ 25,000 ಡಾಲರ್ ತನಕದ ಟಿಪ್ಸ್‌ಗೆ ಕೇಂದ್ರ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿದೆ. ಕೇಳಲು ಚಂದ. ಆದರೆ ಗಳಿಕೆ ಕಡಿಮೆಯೆಂದು ಆದಾಯ ತೆರಿಗೆಯೇ ಬಾರದವನಿಗೆ ಇದರಿಂದ ಏನು ಸಿಕ್ಕೀತು? ಸೋಶಿಯಲ್ ಸೆಕ್ಯುರಿಟಿ ಕಡಿತವಂತೂ ಮೊದಲಿನಂತೆಯೇ ಇದೆ. ಆ ನಂಬರೇ ಇಲ್ಲದ ವಲಸಿಗನಿಗೆ ರಿಯಾಯಿತಿಯೂ ಇಲ್ಲ. ಟಿಪ್ಸ್ ಕಾಣದೆ ಒಳಗೆ ಪಾತ್ರೆ ತೊಳೆಯುವವನ ಮಾತನ್ನು ಯಾರೂ ಎತ್ತಿದಂತಿಲ್ಲ. ತೆರಿಗೆ ಬಿಡುವುದು ಸರಕಾರಕ್ಕೆ ಸುಲಭ, 2.13ನ್ನು ಏರಿಸಲು ಹೋದರೆ ಹೋಟೆಲ್ ಮಾಲೀಕರನ್ನು ಎದುರುಹಾಕಿಕೊಳ್ಳಬೇಕಾಗುತ್ತದೆ ಎಂಬುದು ನಮ್ಮ ಅನಿಸಿಕೆ.

ಅಲ್ಲಿಗೆ ಹೋಗುವವರು ಬಿಲ್ಲನ್ನು ಸರಿಯಾಗಿ ಓದಬೇಕು. ಕಡ್ಡಾಯ ಸರ್ವಿಸ್ ಚಾರ್ಜ್ ಹಾಕಿದ್ದರೆ, ಕಾನೂನಿನ ಲೆಕ್ಕದಲ್ಲಿ ಅದು ಟಿಪ್ಸ್ ಅಲ್ಲ. ಮಾಣಿಗೆ ಎಷ್ಟು ಹೋಗುತ್ತದೆಂದು ಅವನನ್ನೇ ಕೇಳಬಹುದು.