ಸ್ಕೋಪಿಗೆ ಎಷ್ಟು ದುಡ್ಡು?

ಕಳೆದ ಭಾನುವಾರ ನನ್ನ ಹಳೆಯ ಶಿಷ್ಯರೊಬ್ಬರು ಮಗಳೊಂದಿಗೆ ಮನೆಗೆ ಬಂದರು. ಕೊಡಗಿನಲ್ಲಿ ಅವರದು ಸಣ್ಣ ತೋಟ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದಲ್ಲ, ಅದರಲ್ಲಿ ಊರಿಗೇ ಹೆಸರಾದವರು. ಮಗಳು ನಮ್ಮ ಶಾಲೆಯಲ್ಲೇ ಒಂಬತ್ತನೆಯ ತರಗತಿ. ಕಾಫಿ ಮುಗಿಯುವ ಮೊದಲೇ ಜೇಬಿನಿಂದ ಚೀಟಿ ತೆಗೆದರು.

"ಸಾರ್, ಇವಳ ಏರ್ ರೈಫಲ್‌ಗೆ ಸ್ಕೋಪ್ ಹಾಕಿಸಬೇಕು. 4 ಸಾವಿರದ್ದೂ ಇದೆ, 18 ಸಾವಿರದ್ದೂ ಇದೆ. ಈ ಸಲದ ಕರಿಮೆಣಸು ಮಾರಿ ದೊಡ್ಡದನ್ನೇ ತರೋಣ ಅಂತಿದ್ದೇನೆ."

ಮಸೂರದ ಮಾತು ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ಚೀಟಿಯ ಹಿಂದೆ ಲೆಕ್ಕ ಬರೆದೆ. 4x32 ಎಂದರೆ 4 ಪಟ್ಟು ವರ್ಧನೆ, ಮುಂದಿನ ಮಸೂರದ ವ್ಯಾಸ 32 ಮಿ.ಮೀ. 32ನ್ನು 4ರಿಂದ ಭಾಗಿಸಿದರೆ 8. ಕಣ್ಣಿನತ್ತ ಬರುವ ಬೆಳಕಿನ ಕಂಬದ ಅಗಲ ಅಷ್ಟು. ಬಿಸಿಲಿನಲ್ಲಿ ನಮ್ಮ ಪಾಪೆ ತೆರೆದಿರುವುದು 2-3 ಮಿ.ಮೀ. ಮಾತ್ರ, ಮಿಕ್ಕದ್ದು ಪೋಲು. ಹಾಗಾಗಿ ಹಗಲಿನ ಗುರಿಗೆ ಭಾರಿ ಮಸೂರ ಬೇಕಿಲ್ಲ. ಆದರೆ ಸ್ಪ್ರಿಂಗ್ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ, ಆ ಹೊಡೆತ ತಾಳದ ಸ್ಕೋಪ್ ಬೇಗ ಕೆಡುತ್ತದೆ. ಇನ್ನೊಂದು ಮಾತು: ಗುರಿಯ ಜೊತೆಗೆ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ, ನಡುಕವೇನೂ ಕಡಿಮೆಯಾಗುವುದಿಲ್ಲ.

ಅರ್ಧ ಗಂಟೆ ಪಾಠ ಮಾಡಿದ ಮೇಲೆ, ಮೊದಲು ಕೇಳಬೇಕಿದ್ದ ಪ್ರಶ್ನೆ ಕೇಳಿದೆ. "ಅಂದ ಹಾಗೆ, ಯಾವುದಕ್ಕಪ್ಪ ಇದು?"

"10 ಮೀಟರ್ ಸ್ಪರ್ಧೆಗೆ ಸಾರ್."

ನನಗೆ ನಗು ಬಂತು. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅನುಮತಿಯೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಸ್ಕೋಪಿಲ್ಲದೆ. ಅಲ್ಲಿ ಬಳಸುವುದು ಪೀಪ್ ಸೈಟ್, ಅಂದರೆ ಒಂದು ಪುಟ್ಟ ರಂಧ್ರ. 10 ಅಂಕದ ಚುಕ್ಕೆಯ ಅಗಲ ಅರ್ಧ ಮಿ.ಮೀ. ಮಾತ್ರ!

"ನಾನು ಮೊದಲೇ ಹೇಳಿದ್ದೆ ಸಾರ್, ಅಪ್ಪ ಕೇಳಲಿಲ್ಲ" ಎಂದಳು ಹುಡುಗಿ.

"ಮತ್ತೆ ಗುರಿ ಮಸುಕು ಮಸುಕು ಅಂತ ಅಳುತ್ತಿದ್ದವಳು ಯಾರು?" ಎಂದರು ತಂದೆ.

ನನ್ನ ನಗು ನಿಂತಿತು. ಎದುರು ಗೋಡೆಯ ಕ್ಯಾಲೆಂಡರ್ ತೋರಿಸಿ, "ದಪ್ಪ ಅಂಕಿಯ ಕೆಳಗೆ ಬರೆದಿದೆಯಲ್ಲ, ಓದಮ್ಮಾ" ಎಂದೆ. ಕಣ್ಣು ಕಿರಿದು ಮಾಡಿ ನೋಡಿದಳು. ಅಂಕಿ ಹೇಳಿದಳು, ಅಕ್ಷರ ಕಾಣಲಿಲ್ಲ. ತಂದೆಗೂ ನನಗೂ ಕುಳಿತಲ್ಲಿಂದಲೇ ಕಾಣುತ್ತಿತ್ತು.

"ಎಷ್ಟು ದಿನದಿಂದ ಹೀಗೆ?"

"ಹೋದ ವರ್ಷದಿಂದ ಸಾರ್. ಬೋರ್ಡಿನದು ಪಕ್ಕದವಳನ್ನು ನೋಡಿ ಬರೆದುಕೊಳ್ಳುತ್ತೇನೆ."

ಆ ಬೋರ್ಡಿನ ಮೇಲೆ ಬರೆಯುತ್ತಿದ್ದವನು ನಾನೇ. ಕಳೆದ ವರ್ಷ ಇದೇ ಮಕ್ಕಳಿಗೆ ಸಮೀಪದೃಷ್ಟಿಯ ಬಗ್ಗೆ ಹೇಳಿ, ನಿಮ್ನ ಮಸೂರದ ಚಿತ್ರ ಬರೆಸಿದವನೂ ನಾನೇ. ಅದನ್ನೂ ಅವಳು ಪಕ್ಕದವಳನ್ನು ನೋಡಿಯೇ ಬರೆದುಕೊಂಡಿರಬೇಕು.

"ಹಾಗಾದರೆ ಎಷ್ಟು ಖರ್ಚು ಮಾಡಲಿ ಸಾರ್?" ಎಂದರು ಶಿಷ್ಯರು, ಮೆಲ್ಲಗೆ.

"ಸ್ಕೋಪಿಗೆ ಸೊನ್ನೆ. ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸ್ಪರ್ಧೆಯಲ್ಲಿ ಕನ್ನಡಕಕ್ಕೆ ಅಡ್ಡಿಯಿಲ್ಲ. ಉಳಿದ ದುಡ್ಡು ಪೆಲೆಟ್ ಡಬ್ಬಿಗೆ, ಅಭ್ಯಾಸಕ್ಕೆ ಹೋಗಿಬರುವ ಬಸ್ಸಿಗೆ."

ಹುಡುಗಿಗೆ ಈಗ ಕನ್ನಡಕ ಬಂದಿದೆ. ಪದಕದ ಮಾತು ಆಮೇಲೆ, ಬೋರ್ಡಂತೂ ಕಾಣುತ್ತಿದೆಯಂತೆ.

ನಾನು ಸೋಮವಾರ ತರಗತಿಗೆ ಹೋದವನೇ ಪಾಠ ಬದಿಗಿಟ್ಟು, ಹಿಂದಿನ ಬೆಂಚಿನಿಂದ ಶುರುಮಾಡಿ ಒಬ್ಬೊಬ್ಬರಿಂದಲೂ ಬೋರ್ಡ್ ಓದಿಸಿದೆ. ಇನ್ನೂ ಇಬ್ಬರು ಸಿಕ್ಕರು.