ಆವೇಶ ನಿಯಂತ್ರಕವನ್ನು ಆರಿಸುವ ವಿವೇಕ

ಚನ್ನಗಿರಿಯ ಅಡಕೆ ತೋಟಗಳಲ್ಲಿ, ಹೊನ್ನಾಳಿ ನ್ಯಾಮತಿಗಳ ಗದ್ದೆಗಳ ಬದಿಯಲ್ಲಿ, ಜಗಳೂರಿನ ಮಳೆ ಕಡಿಮೆಯಾದ ಹೊಲಗಳ ನಡುವೆ ಇರುವ ಒಂಟಿ ಮನೆಗಳ ಮಾಡಿನ ಮೇಲೆ ಇಂದು ಸೌರಫಲಕಗಳು ಕಾಣಸಿಗುತ್ತವೆ. ಹಗಲು ಬ್ಯಾಟರಿಯಲ್ಲಿ ಕೂಡಿಟ್ಟ ವಿದ್ಯುತ್ತು ಇರುಳು ದೀಪವಾಗಿ ಬೆಳಗುವುದು ಸಂತೋಷದ ಸಂಗತಿಯೇ ಸರಿ. ಆದರೆ ಎರಡು ವರ್ಷ ತುಂಬುವ ಮೊದಲೇ ಬ್ಯಾಟರಿ ಸತ್ತಿತೆಂದೂ, ಬಿಸಿಲನ್ನು ನಂಬಿ ಕೆಟ್ಟೆವೆಂದೂ ಹೇಳುವವರೂ ಉಂಟು. ಇಂಥಲ್ಲಿ ಅನೇಕ ವೇಳೆ ದೋಷ ಬಿಸಿಲಿನದಲ್ಲ. ಫಲಕಕ್ಕೂ ಬ್ಯಾಟರಿಗೂ ನಡುವಿನ ಸಣ್ಣ ಪೆಟ್ಟಿಗೆಯ ಆಯ್ಕೆಯಲ್ಲಿ ನಾವು ತೋರುವ ಅಲಕ್ಷ್ಯದ್ದು ಎಂಬುದು ನಮ್ಮ ಅಭಿಪ್ರಾಯ.

ಈ ಪೆಟ್ಟಿಗೆಯೇ ಆವೇಶ ನಿಯಂತ್ರಕ. ಅಂಗಡಿಯ ಮಾತಿನಲ್ಲಿ ಚಾರ್ಜ್ ಕಂಟ್ರೋಲರ್. ಸೂಳೆಕೆರೆಗೆ ತೂಬು ಕೋಡಿಗಳು ಹೇಗೋ ಬ್ಯಾಟರಿಗೆ ಇದು ಹಾಗೆ. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಸುಮಾರು 14.4 ವೋಲ್ಟ್ ಮುಟ್ಟಿದಾಗ ಒಳಹರಿವನ್ನು ತಗ್ಗಿಸಬೇಕು. ಇಲ್ಲವಾದರೆ ದ್ರಾವಣದ ನೀರು ಜಲಜನಕ ಆಮ್ಲಜನಕಗಳಾಗಿ ಒಡೆದುಹೋಗುವುದು. ತೀರ ಬರಿದಾದಾಗ ದೀಪಗಳ ಸಂಪರ್ಕವನ್ನು ಕಡಿಯಬೇಕು. ಸದಾ ಅರೆಹೊಟ್ಟೆಯಲ್ಲಿಯೇ ಇರುವ ಬ್ಯಾಟರಿಯಲ್ಲಿ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕುಳಿತು, ಅದು ನಿರುಪಯೋಗಿಯಾಗುವುದು.

ನಿಯಂತ್ರಕಗಳಲ್ಲಿ ಎರಡು ಬಗೆ. ಪಿ.ಡಬ್ಲ್ಯು.ಎಂ. ಎಂಬುದು ವೇಗವಾಗಿ ತೆರೆದು ಮುಚ್ಚುವ ಸ್ವಿಚ್ಚು ಮಾತ್ರ. ಅದು ಫಲಕವನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದು ತರುತ್ತದೆ. ಎಂ.ಪಿ.ಪಿ.ಟಿ. ಎಂಬುದು ಫಲಕವನ್ನು ಅದರ ಗರಿಷ್ಠ ಸಾಮರ್ಥ್ಯದ ಬಿಂದುವಿನಲ್ಲಿ ದುಡಿಸಿ, ಹೆಚ್ಚಿನ ವೋಲ್ಟೇಜನ್ನು ಹೆಚ್ಚಿನ ಪ್ರವಾಹವಾಗಿ ಪರಿವರ್ತಿಸುತ್ತದೆ.

ಜಗಳೂರಿನ ಕಡೆಯ ಹೊಲಮನೆಯೊಂದರಲ್ಲಿ ನಾವು ಕಂಡುದನ್ನು ಹೇಳುತ್ತೇವೆ. ಅಲ್ಲಿ 72 ಕೋಶಗಳ, 330 ವಾಟಿನ ಫಲಕ; ಅದರ ದುಡಿಮೆಯ ಬಿಂದು ಸುಮಾರು 37 ವೋಲ್ಟ್, 8.8 ಆಂಪೇರ್. ಬ್ಯಾಟರಿ 12 ವೋಲ್ಟಿನದು. ಅಗ್ಗದ ನಿಯಂತ್ರಕದ ಮೇಲೆ ಎಂ.ಪಿ.ಪಿ.ಟಿ. ಎಂಬ ಅಕ್ಷರಗಳು ಮೆರೆಯುತ್ತಿದ್ದವು. ಅಳೆದು ನೋಡಿದರೆ ಒಳಬರುವ ಪ್ರವಾಹವೂ ಹೊರಹೋಗುವ ಪ್ರವಾಹವೂ ಒಂದೇ! 8.8 ಆಂಪೇರನ್ನು 13 ವೋಲ್ಟಿನಿಂದ ಗುಣಿಸಿರಿ: ಸುಮಾರು 114 ವಾಟ್. ಕೊಂಡ ಸಾಮರ್ಥ್ಯದ ಮೂರನೆಯ ಒಂದು ಪಾಲು ಮಾತ್ರ ಬ್ಯಾಟರಿಗೆ ಸಲ್ಲುತ್ತಿತ್ತು. ಅದು ಎಂದೂ ಪೂರ್ತಿ ತುಂಬದೆ ಸತ್ತಿತು. ಆ ಮನೆಯ ಮಕ್ಕಳು ಪರೀಕ್ಷೆಯ ದಿನಗಳಲ್ಲಿ ಕತ್ತಲೆಯಲ್ಲಿ ಕುಳಿತರು. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಕಥೆ ಇದು.

ಹಾಗೆಂದು ಎಲ್ಲರೂ ದುಬಾರಿಯದನ್ನೇ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. 36 ಕೋಶಗಳ ಫಲಕ 18 ವೋಲ್ಟಿನ ಸುಮಾರಿಗೆ ದುಡಿಯುತ್ತದೆ. ಬೇಸಗೆಯಲ್ಲಿ ಕೋಶಗಳು 65 ಡಿಗ್ರಿ ಸೆಲ್ಸಿಯಸಿನವರೆಗೆ ಕಾಯ್ದಾಗ ಅದು ಹೆಚ್ಚುಕಡಿಮೆ ಹದಿನೈದೂವರೆ ವೋಲ್ಟಿಗೆ ಇಳಿಯುವುದು. ಆಗ ಪರಿವರ್ತಿಸಲು ಉಳಿಯುವುದೇ ಅಲ್ಪ. ಎರಡು ಮೂರು ದೀಪಗಳ ಮನೆಗೆ ಇಂಥ ಫಲಕವೂ ಪ್ರಾಮಾಣಿಕವಾದ ಪಿ.ಡಬ್ಲ್ಯು.ಎಂ. ನಿಯಂತ್ರಕವೂ ಸಾಕು. ದೊಡ್ಡ ಫಲಕವನ್ನು 12 ವೋಲ್ಟಿನ ಬ್ಯಾಟರಿಗೆ ಜೋಡಿಸುವುದಾದರೆ ಮಾತ್ರ ನಿಜವಾದ ಎಂ.ಪಿ.ಪಿ.ಟಿ. ಅವಶ್ಯ. ಮೇಲಿನ ಉದಾಹರಣೆಗೆ 30 ಆಂಪೇರಿನದು ತಕ್ಕದ್ದು; ಫಲಕದ ತೆರೆದ ಮಂಡಲದ ವೋಲ್ಟೇಜು 46ರಷ್ಟಿರುವುದರಿಂದ ಅದಕ್ಕಿಂತ ಸಾಕಷ್ಟು ಹೆಚ್ಚನ್ನು ಅದು ತಾಳಬೇಕು. ಬ್ಯಾಟರಿ ಲಿಥಿಯಂ ಕಬ್ಬಿಣ ಫಾಸ್ಫೇಟಿನದಾದರೆ ಅದಕ್ಕೆ ತಕ್ಕ ಹೊಂದಾಣಿಕೆ ನಿಯಂತ್ರಕದಲ್ಲಿ ಇರಲೇಬೇಕು. ವಾಹನವನ್ನೇ ಮನೆಮಾಡಿಕೊಂಡು ಪ್ರವಾಸ ಹೊರಡುವವರಿಗೂ ಇದೇ ನ್ಯಾಯ.

ನಮ್ಮ ತರುಣ ವಾಚಕರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಇಂಥ ಏರ್ಪಾಡಿದ್ದರೆ, ಬ್ಯಾಟರಿ ಅರ್ಧ ಬರಿದಾಗಿರುವಾಗ, ಒಳ್ಳೆಯ ಬಿಸಿಲಿನಲ್ಲಿ, ಅಧ್ಯಾಪಕರ ನೆರವಿನಿಂದ, ನೇರ ಪ್ರವಾಹವನ್ನು ಅಳೆಯುವ ಕ್ಲಾಂಪ್ ಮೀಟರನ್ನು ನಿಯಂತ್ರಕದ ಎರಡೂ ಬದಿಯ ತಂತಿಗಳಿಗೆ ಹಿಡಿದು ನೋಡಿರಿ. ಫಲಕದ ವೋಲ್ಟೇಜು ಬ್ಯಾಟರಿಯದಕ್ಕಿಂತ ಬಹಳ ಹೆಚ್ಚಿನದಾಗಿದ್ದೂ ಪ್ರವಾಹಗಳು ಸಮವಾಗಿದ್ದರೆ, ಪೆಟ್ಟಿಗೆಯ ಮೇಲಿನ ಬರೆಹ ಏನೇ ಇರಲಿ, ಅದು ಎಂ.ಪಿ.ಪಿ.ಟಿ. ಅಲ್ಲ. ಶಕ್ತಿಯ ನಿತ್ಯತ್ವದ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ನಾವು ಅದನ್ನು ಅಂಗಡಿಯ ಬಾಗಿಲಲ್ಲಿ ಮರೆಯಬಾರದು. ಬರೆಹವನ್ನು ನಂಬುವ ಮೊದಲು ಅಳೆಯುವ ಅಭ್ಯಾಸ ಬೆಳೆದರೆ ಬ್ಯಾಟರಿಯೂ ಉಳಿದೀತು, ರೈತನ ಹಣವೂ ಉಳಿದೀತು.