ಚಿಕ್ಕ ಪ್ರಸಾರಕೇಂದ್ರದ ಪರವಾಗಿ ಒಂದು ಮಾತು

ದೊಡ್ಡದೆಲ್ಲ ಒಳ್ಳೆಯದೆಂಬ ಭ್ರಮೆ ನಮ್ಮಲ್ಲಿ ಅಣೆಕಟ್ಟುಗಳಿಂದ ಹಿಡಿದು ಮದುವೆಗಳವರೆಗೆ ವ್ಯಾಪಿಸಿದೆ. ದೂರದರ್ಶನವೂ ಇದಕ್ಕೆ ಹೊರತಾಗಲಿಲ್ಲ. ಆದರೆ ಈ ದೇಶದ ದೂರದರ್ಶನ ಹುಟ್ಟಿದ್ದೇ ಚಿಕ್ಕದಾಗಿ ಎಂಬುದನ್ನು ಮರೆಯಬಾರದು. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗವಾಗಿ ಆರಂಭವಾದ ಪ್ರಸಾರಕದ ಶಕ್ತಿ ಕೇವಲ 500 ವಾಟ್. ಅದರ ವ್ಯಾಪ್ತಿ ಸುಮಾರು 25 ಕಿಲೋಮೀಟರು. ಮುಂದೆ ಶಕ್ತಿ ಬೆಳೆಯಿತು, ಗೋಪುರ ಎತ್ತರವಾಯಿತು. ಆಡುವ ಮಾತು ಮಾತ್ರ ಕೇಳುವವನ ಮನೆಯಿಂದ ದೂರ ದೂರ ಸರಿಯುತ್ತ ಹೋಯಿತು. ಅಲ್ಪಶಕ್ತಿಯ ಸ್ಥಳೀಯ ಕೇಂದ್ರವನ್ನು ನಾವು ಕೈಬಿಟ್ಟದ್ದು ತಪ್ಪೆಂದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣ ಕೊಡುತ್ತೇನೆ. ಒಪ್ಪುವುದು ಬಿಡುವುದು ವಾಚಕರಿಗೆ ಸೇರಿದ್ದು.

ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಪೀಜ್ ಎಂಬ ಹಳ್ಳಿಯಿದೆ. 1975ರಲ್ಲಿ ಅಲ್ಲಿ 1 ಕಿಲೋವಾಟಿನ ಒಂದು ಪ್ರಸಾರಕ ಕೆಲಸಮಾಡತೊಡಗಿತು. ಅದನ್ನು ನಡೆಸಿದವರು ಅಹಮದಾಬಾದಿನ ಅಂತರಿಕ್ಷ ಅನ್ವಯ ಕೇಂದ್ರದವರು. ರಾಕೆಟ್ಟು, ಉಪಗ್ರಹಗಳ ಜನ ಹಳ್ಳಿಯ ಎಮ್ಮೆಗಳ ವಿಷಯ ಮಾತನಾಡಲು ಬಂದರೆಂದರೆ ಇಂದಿಗೂ ನಗು ಬಂದೀತು. ಆದರೆ ಬಂದವರು ಕಾಟಾಚಾರಕ್ಕೆ ಬಂದವರಲ್ಲ. ಹಾಲಿನ ಸಹಕಾರ ಸಂಘಗಳಲ್ಲಿ ಸಾರ್ವಜನಿಕ ಟಿ.ವಿ. ಪೆಟ್ಟಿಗೆಗಳನ್ನು ಇರಿಸಿದರು. ಕ್ಯಾಮರಾವನ್ನು ಸ್ಟುಡಿಯೋದಿಂದ ಹೊಲಕ್ಕೆ ಒಯ್ದರು. ಗಾಂಧಿನಗರದ ಕಛೇರಿಯ ಗುಜರಾತಿಯನ್ನು ಬದಿಗಿಟ್ಟು, ಆ ಚರೋತರ ಸೀಮೆಯ ರೈತ ಆಡುವ ಮಾತನ್ನೇ ಪ್ರಸಾರದ ಭಾಷೆಯಾಗಿಸಿದರು. ಕೂಲಿ, ಸಾಲ, ಹೆಂಗಸರ ಸ್ಥಿತಿ, ಜಾತಿಯ ತಾರತಮ್ಯ, ಎಲ್ಲವೂ ಅಲ್ಲಿ ವಿಷಯಗಳಾದವು.

'ದಾದ್ ಫರಿಯಾದ್' ಎಂಬ ಅಲ್ಲಿನ ಕಾರ್ಯಕ್ರಮ ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆದಿದೆ. ಹೆಸರೇ ಹೇಳುವಂತೆ ಅದು ಜನರ ದೂರುಗಳ ಕಾರ್ಯಕ್ರಮ. ಹಳ್ಳಿಯವನು ತನ್ನ ಅಹವಾಲನ್ನು ತೆರೆಯ ಮೇಲೆ ಹೇಳುವುದು, ಸಂಬಂಧಪಟ್ಟ ಅಧಿಕಾರಿ ಅದಕ್ಕೆ ಉತ್ತರ ಹೇಳಬೇಕಾಗುವುದು. ಇದು ಚಿಕ್ಕ ಕೇಂದ್ರದಲ್ಲಿ ಮಾತ್ರ ಸಾಧ್ಯವಾದ ಕೆಲಸ. ದೆಹಲಿಯ ಪರದೆಯ ಮೇಲೆ ಒಂದು ಹಳ್ಳಿಯ ಕೆಟ್ಟುಹೋದ ಪಂಪಿನ ಕಥೆ ಬಂದರೆ ಕೇರಳದವನಿಗೇನು, ಕಾಶ್ಮೀರದವನಿಗೇನು? ಕೇಳುವವರೆಲ್ಲ ಆ ಪಂಪನ್ನು ಬಲ್ಲವರೇ ಆಗಿದ್ದಾಗ ಉತ್ತರ ಹೇಳುವವನು ಬಾಯಿಗೆ ಬಂದದ್ದನ್ನು ಹೇಳಿ ಪಾರಾಗುವಂತಿಲ್ಲ. ಯುನೆಸ್ಕೋ ಸಂಸ್ಥೆಯು ಗ್ರಾಮೀಣ ಸಂಪರ್ಕಕ್ಕಾಗಿ ಖೇಡಾ ಯೋಜನೆಗೆ ಬಹುಮಾನವನ್ನಿತ್ತಿತು. ನಾವು ಏನು ಕೊಟ್ಟೆವು? 1985ರಲ್ಲಿ ಬಾಗಿಲು ಮುಚ್ಚಿದೆವು. ಅಹಮದಾಬಾದಿನ ಕೇಂದ್ರವಿರುವಾಗ ಪೀಜಿನದೇಕೆ ಎಂಬುದು ವಾದ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಸರಕಾರಗಳೂ ಬಲ್ಲವು.

ನಮ್ಮ ನಾಡಿನ ಕಥೆ ಬೇರೆ ಬಗೆಯದು. ಅದೇ 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿನ ಜಾಲರಿಯಿಂದ ಮಾಡಿದ ಮೂರು ಮೀಟರಿನ ಬಟ್ಟಲನ್ನು ಶಾಲೆಯ ಬಳಿ ನಿಲ್ಲಿಸಿ ಆಕಾಶದಿಂದ ಚಿತ್ರವನ್ನು ಇಳಿಸಿದ್ದು ಸಾಮಾನ್ಯ ಸಾಹಸವಲ್ಲ. ವರ್ಷ ತುಂಬಿತು, ಉಪಗ್ರಹ ಹೊರಟುಹೋಯಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಪ್ರಸಾರಕ ಬಂದಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಗುಲ್ಬರ್ಗ! ಇತಿಹಾಸದ ಅಧ್ಯಾಪಕರು ಇದನ್ನು ಪರೀಕ್ಷೆಗೆ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ತೇರ್ಗಡೆಯಾದೇವೋ ಕಾಣೆ.

1984ರಲ್ಲಿ ದೇಶದ ತುಂಬ ಅಲ್ಪಶಕ್ತಿ ಪ್ರಸಾರಕಗಳ ಮಳೆಯೇ ಸುರಿಯಿತು. ಕೆಲವು ತಿಂಗಳ ಕಾಲ ಸರಾಸರಿ ದಿನಕ್ಕೊಂದರಂತೆ ಅವು ತಲೆಯೆತ್ತಿದವು. ಇವುಗಳ ಶಕ್ತಿ 100 ವಾಟ್, ಎಂದರೆ ಅಜ್ಜಿಯ ಕಾಲದಲ್ಲಿ ಪಡಸಾಲೆಯಲ್ಲಿ ಉರಿಯುತ್ತಿದ್ದ ಒಂದು ದೊಡ್ಡ ಬಲ್ಬಿನಷ್ಟು. ಬಟ್ಟಲಿನಾಕಾರದ ಆಂಟೆನಾ ಇನ್‌ಸ್ಯಾಟ್ ಉಪಗ್ರಹದಿಂದ ಬಂದ ಚಿತ್ರವನ್ನು ಹಿಡಿಯುವುದು. ಯಂತ್ರ ಅದನ್ನು ಮನೆಯ ಪೆಟ್ಟಿಗೆಗೆ ಒಗ್ಗುವ ತರಂಗವಾಗಿ ಮಾರ್ಪಡಿಸಿ ಗೋಪುರದಿಂದ ಸುತ್ತಲೂ ಹರಡುವುದು. ಈ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುವುವಾದ್ದರಿಂದ ಶಕ್ತಿಯಷ್ಟೇ ಗೋಪುರದ ಎತ್ತರವೂ ಮುಖ್ಯ. ನಡುವೆ ಗುಡ್ಡ ಬಂದರೆ ಅದರಾಚೆಯ ಊರಿಗೆ ಬರಿಯ ಹಿಮ ಸುರಿದಂಥ ತೆರೆ. ಬಯಲಿನಲ್ಲಿ ಇಪ್ಪತ್ತು ಕಿಲೋಮೀಟರು ಸಿಕ್ಕರೆ ಪುಣ್ಯ.

ಇಷ್ಟಾದರೂ ಈ ಕೇಂದ್ರಗಳಲ್ಲಿ ಇಲ್ಲದ್ದು ಒಂದೇ: ಬಾಯಿ. ಸ್ಟುಡಿಯೋ ಇಲ್ಲ, ಕ್ಯಾಮರಾ ಇಲ್ಲ, ಊರಿನ ಮಾತನ್ನು ಒಳಗೆ ಬಿಡುವ ಕಿಂಡಿಯಿಲ್ಲ. ದೆಹಲಿ ಹೇಳಿದ್ದನ್ನು ಹೇಳುವ ಗಿಳಿಗಳು ಅವು. ಉಪಗ್ರಹದಿಂದ ನೇರವಾಗಿ ಮನೆಗೇ ಚಿತ್ರ ಬರತೊಡಗಿದ ಮೇಲೆ ಗಿಳಿಯಿಂದೇನು ಪ್ರಯೋಜನ? 2022ರ ಹೊತ್ತಿಗೆ ಗಡಿಪ್ರದೇಶದಂಥ ಆಯಕಟ್ಟಿನ ಜಾಗಗಳ ಕೆಲವನ್ನುಳಿದು ಹಳೆಯ ಪ್ರಸಾರಕಗಳನ್ನೆಲ್ಲ ಮುಚ್ಚಲಾಯಿತು. ಯಾರೂ ಅಳಲಿಲ್ಲ, ಅಳುವಂಥದು ಏನೂ ಇರಲಿಲ್ಲ. ಖೇಡಾದ ಜನಕ್ಕಾದರೋ ಪೀಜ್ ತಮ್ಮದಾಗಿತ್ತು.

ಈಗ ಕೆಲವು ಗೆಳೆಯರು ಕೇಳುತ್ತಾರೆ: ಕೈಯಲ್ಲಿ ಮೊಬೈಲಿರುವಾಗ ಪ್ರತಿಯೊಬ್ಬನೂ ಒಂದು ಪ್ರಸಾರಕೇಂದ್ರವಲ್ಲವೆ? ಪ್ರಶ್ನೆ ಚೆನ್ನಾಗಿದೆ. ಆದರೆ ಮೊಬೈಲಿನಲ್ಲಿ ಕೂಗಿದವನ ಕೂಗು ಅಮೆರಿಕವನ್ನು ಮುಟ್ಟಬಹುದು, ಪಕ್ಕದ ಬೀದಿಯನ್ನು ಮುಟ್ಟುವ ಭರವಸೆಯಿಲ್ಲ. ಊರಿನವರೆಲ್ಲ ಒಂದೇ ಹೊತ್ತಿಗೆ ಒಂದೇ ದೂರನ್ನು ಕೇಳುವುದು ಬೇರೆ, ಒಬ್ಬೊಬ್ಬನು ತನ್ನ ಮೂಲೆಯಲ್ಲಿ ಕುಳಿತು ತನಗಿಷ್ಟವಾದದ್ದನ್ನು ನೋಡುವುದು ಬೇರೆ. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಸ್ಥಳೀಯ ಕೇಂದ್ರ ಸ್ಥಳೀಯ ಗೌಡನ ಕೈಸೇರಿದರೆ ಗತಿಯೇನು? ಈ ಭಯ ನಿಜ. ಪೀಜನ್ನು ನಡೆಸಿದವರು ಊರಿನ ಹಣವಂತರ ಹಂಗಿನಲ್ಲಿರಲಿಲ್ಲ. ಕೂಲಿಯ ಮಾತೆತ್ತಲು ಅವರಿಗೆ ಸಾಧ್ಯವಾದದ್ದು ಅದರಿಂದಲೇ ಎಂದು ನಾನು ತಿಳಿದಿದ್ದೇನೆ. ಆದ್ದರಿಂದ ಹಣ ಹೊರಗಿನಿಂದ, ಮಾತು ಒಳಗಿನಿಂದ ಬರುವ ಏರ್ಪಾಡು ಬೇಕು.

ಇದೇನೂ ಕನಸಿನ ಮಾತಲ್ಲ. 2002ರಿಂದ ವಿದ್ಯಾಸಂಸ್ಥೆಗಳಿಗೂ 2006ರಿಂದ ಸೇವಾಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಅವಕಾಶ ದೊರೆತಿದೆ. ಅದಕ್ಕೂ ಮೊದಲೇ, ಅನುಮತಿ ಸಿಗದ ದಿನಗಳಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯವರು 'ನಮ್ಮ ಧ್ವನಿ'ಯನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಮುಟ್ಟಿಸಿದರು. ಧ್ವನಿಗೆ ಸಿಕ್ಕ ಹಕ್ಕು ಚಿತ್ರಕ್ಕೇಕೆ ಸಿಗಬಾರದು? ಅದು ಸಿಗುವವರೆಗೆ ನಮ್ಮ ಕಾಲೇಜಿನ ಕನ್ನಡ, ಸಮಾಜಶಾಸ್ತ್ರ ವಿಭಾಗಗಳು ಸೇರಿ ಊರಿನ ಕೇಬಲಿನವರನ್ನು ವಾರಕ್ಕೆ ಅರ್ಧ ಗಂಟೆ ಕೇಳಿನೋಡಬಹುದು. ಮೊದಲ ಕಾರ್ಯಕ್ರಮಕ್ಕೆ ವಿಷಯವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಂಜೆ ತರಗತಿ ಮುಗಿದ ಮೇಲೆ ಹಳ್ಳಿಯ ಹುಡುಗಿಯರು ಬಸ್ಸಿಗಾಗಿ ಎಷ್ಟು ಹೊತ್ತು ನಿಲ್ಲುತ್ತಾರೆಂಬುದನ್ನು ಗಡಿಯಾರ ಹಿಡಿದು ತೋರಿಸಿ, ಉತ್ತರ ಹೇಳಬೇಕಾದವರಿಗೆ ಒಂದು ಕುರ್ಚಿ ಹಾಕಿದರೆ ಸಾಕು.